ಮ್ಯಾಡಿಸನ್‌ಗೆ ಓದೋಕೆ ಬರೋರೇ, ಊರನ್ನೂ ಸ್ವಲ್ಪ ನೋಡಿ

ಪಿಎಚ್‌ಡಿ ಅಡ್ಮಿಟ್ ಸಿಕ್ಕಿರೋ ಹುಡುಗ ಹುಡುಗೀರು ಈ ಸೀಸನ್‌ನಲ್ಲಿ ತುಂಬಾ ಜನ ಮೆಸೇಜ್ ಮಾಡ್ತಾರೆ. ಅಕ್ಕ ರ‍್ಯಾಂಕಿಂಗ್ ಹೇಗಿದೆ, ಫಂಡಿಂಗ್ ಗ್ಯಾರಂಟಿನಾ, ಗೈಡ್ ಒಳ್ಳೇವ್ರಾ, ಚಳಿ ತಡ್ಕೊಳ್ಳೋಕಾಗತ್ತಾ. ಚಳಿ ಒಂದು ಬಿಟ್ರೆ ಊರಿನ ಬಗ್ಗೆ ಒಬ್ರೂ ಕೇಳಲ್ಲ. ಐದಾರು ವರ್ಷ ಕಣ್ರೀ, ವಯಸ್ಸಿನ ಒಳ್ಳೇ ಕಾಲ ಪೂರ್ತಿ ಅಲ್ಲಿ ಕಳೀಬೇಕು, ಸಂಜೆ ಲ್ಯಾಬ್ ಬಾಗಿಲು ಹಾಕ್ಕೊಂಡು ಹೊರಗೆ ಬಂದ್ರೆ ಎಲ್ಲಿಗೆ ಹೋಗ್ತೀರ ಅನ್ನೋದು ಪ್ರಶ್ನೆನೇ ಅಲ್ವಾ? ನಾನಿರೋದು ಅಮೆರಿಕದ ಉತ್ತರಕ್ಕಿರೋ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ. ನನಗನಿಸಿದ್ದನ್ನ ನೇರವಾಗಿ ಹೇಳಿಬಿಡ್ತೀನಿ. ಗ್ರಾಡ್ ಸ್ಟೂಡೆಂಟ್ ಸ್ಟೈಪೆಂಡ್‌ನಲ್ಲಿ ಇಲ್ಲಿ ನೆಮ್ಮದಿಯಾಗಿ ಬದುಕೋಕೆ ಆಗ್ತಿರೋದು ಸ್ಟೈಪೆಂಡ್ ಜಾಸ್ತಿ ಇದೆ ಅಂತ ಅಲ್ಲ. ಒಂದು ಡಾಲರ್ ಖರ್ಚಿಲ್ದೆ ಹೋಗಿ ಕೂರಬಹುದಾದ, ಎಲ್ಲರಿಗೂ ಸೇರಿದ ಜಾಗಗಳು ಈ ಊರಲ್ಲಿ ಇನ್ನೂ ಉಳ್ಕೊಂಡಿರೋದ್ರಿಂದ. ಅದ್ರಲ್ಲಿ ಮೊದಲನೇದು ಕೆರೆ.

ಮ್ಯಾಪ್ ತೆಗೆದು ನೋಡಿ. ಒಂದು ಕಡೆ ಮೆಂಡೋಟ ಕೆರೆ, ಇನ್ನೊಂದು ಕಡೆ ಮೊನೋನ ಕೆರೆ, ಎರಡರ ಮಧ್ಯೆ ಸಣ್ಣ ಪಟ್ಟಿಯಷ್ಟು ನೆಲ, ಅದರ ಮೇಲೆ ಕ್ಯಾಪಿಟಲ್ ಕಟ್ಟಡ, ಅಂದ್ರೆ ಇಲ್ಲಿನ ವಿಧಾನಸೌಧ. ಅಲ್ಲಿಂದ ಸ್ಟೇಟ್ ಸ್ಟ್ರೀಟ್ ಹಿಡಿದು ನಡೆದ್ರೆ ಸೀದಾ ಕ್ಯಾಂಪಸ್. ಮೆಂಡೋಟ ಸುಮಾರು 40 ಚದರ ಕಿಲೋಮೀಟರ್ ಇದೆ, ಆಳ ಇರೋ ಕಡೆ 25 ಮೀಟರ್. ಯೂನಿವರ್ಸಿಟಿ ಆಫ್ ವಿಸ್ಕಾನ್ಸಿನ್ ಇರೋದೇ ಅದರ ದಡದಲ್ಲಿ. ಸ್ಟೂಡೆಂಟ್‌ಗಳು ಸೇರೋ ಮೆಮೋರಿಯಲ್ ಯೂನಿಯನ್ ಅನ್ನೋ ಕಟ್ಟಡದ ಹಿಂದೆ ಟೆರೇಸ್ ಅಂತ ಇದೆ, ಹಸಿರು, ಹಳದಿ, ಕಿತ್ತಳೆ ಬಣ್ಣದ ಕಬ್ಬಿಣದ ಕುರ್ಚಿಗಳು, ಬೆನ್ನಿಗೆ ಸೂರ್ಯನ ಕಿರಣದ ಡಿಸೈನು. ಡಬ್ಬೀಲಿ ಚಿತ್ರಾನ್ನ ತಗೊಂಡು ಹೋಗಿ, ಏನೂ ಆರ್ಡರ್ ಮಾಡ್ದೆ, ಕತ್ತಲಾಗೋವರೆಗೂ ನೀರು ನೋಡ್ತಾ ಕೂತ್ಕೊಳ್ಳಿ, ಯಾರೂ ಎಬ್ಬಿಸಲ್ಲ. ಪೇಪರ್ ರಿಜೆಕ್ಟ್ ಆದ ದಿನ ಲೇಕ್‌ಶೋರ್ ಪಾತ್‌ನಲ್ಲಿ, ಕೆರೆಯೊಳಗೆ ಚಾಚಿಕೊಂಡಿರೋ ಪಿಕ್ನಿಕ್ ಪಾಯಿಂಟ್ ತುದಿವರೆಗೂ ನಡೀಬಹುದು. ದಾರೀಲಿ ಇಲ್ಲಿನ ಮೂಲನಿವಾಸಿಗಳಾದ ಹೋ-ಚಂಕ್ ಜನರ ಪೂರ್ವಿಕರು ಕಟ್ಟಿದ ಮಣ್ಣಿನ ದಿಬ್ಬಗಳು ಸಿಗ್ತವೆ, ಸಾವಿರ ವರ್ಷಕ್ಕೂ ಹಳೇವು. ಅವರ ನೆಲ ಇದು, 1832ರ ಒಪ್ಪಂದದಲ್ಲಿ ಅವರ ಕೈಯಿಂದ ಕಿತ್ಕೊಂಡಿದ್ದು. ಎಲ್ಲರಿಗೂ ಸೇರಿದ ಜಾಗ ಅಂತ ನಾನು ಬರೀವಾಗ ಇದನ್ನ ಬಿಟ್ಟು ಬರೆಯೋಕಾಗಲ್ಲ.

ಕೆರೆ ನೀರು ಎಲ್ಲರದ್ದು ಅಂತ ಕಾನೂನು ಕೂಡ ಹೇಳತ್ತೆ. 1848ರ ವಿಸ್ಕಾನ್ಸಿನ್ ಸಂವಿಧಾನದಿಂದ್ಲೇ ಬಂದಿರೋದು, ದೋಣಿ ಓಡಿಸಬಹುದಾದ ನೀರೆಲ್ಲ ಸಾರ್ವಜನಿಕರದ್ದು, ಸರ್ಕಾರ ಜನರ ಪರವಾಗಿ ಕಾಯಬೇಕು ಅಷ್ಟೇ. ದಡದಲ್ಲಿ ಶ್ರೀಮಂತರ ಬಂಗಲೆ ಇರಬಹುದು, ಅವರ ಹುಲ್ಲಿನ ಮೇಲೆ ನೀವು ಕಾಲಿಡೋ ಹಾಗಿಲ್ಲ, ಆದ್ರೆ ನೀರು ಅವರದ್ದಲ್ಲ. ಚಳಿಗಾಲದಲ್ಲಿ ನೀರು ಗಟ್ಟಿಯಾದ್ಮೇಲೆ ಮೇಪಲ್ ಬ್ಲಫ್ ಕಡೆ ಇರೋ ಗವರ್ನರ್ ಮನೆ ಮುಂದೇನೇ ಐಸ್ ಮೇಲೆ ನಡ್ಕೊಂಡು ಹೋಗಬಹುದು. ಬೆಂಗಳೂರಲ್ಲಿ ಬೆಳೆದ ನನಗೆ ಇದು ಸಣ್ಣ ವಿಷಯ ಅಲ್ಲ. ನಮ್ಮಲ್ಲಿ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆಯ್ತು, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯ್ತು, ಉಳಿದಿರೋ ಎಷ್ಟೋ ಕೆರೆಗೆ ಬೇಲಿ ಹಾಕಿ ಬೆಳಗ್ಗೆ ಇಷ್ಟೊತ್ತು ಸಂಜೆ ಇಷ್ಟೊತ್ತು ಅಂತ ಬೋರ್ಡ್ ಹಾಕಿದ್ದಾರೆ. ಬೇಲಿ ಹಾಕದೆ ಇದ್ರೆ ಒತ್ತುವರಿ ಆಗತ್ತೆ ಅನ್ನೋದು ನಿಜಾನೇ. ಆದ್ರೂ ನೀರಿನ ಹತ್ರ ಹೋಗೋಕೆ ಯಾರ ಟೈಮಿಂಗೂ ನೋಡ್ಬೇಕಾಗಿಲ್ಲ ಅನ್ನೋ ಅನುಭವ ಇಲ್ಲಿಗೆ ಬರೋವರೆಗೂ ನನಗಿರಲಿಲ್ಲ, ಅದು ಮನಸ್ಸಿಗೆ ಏನು ಮಾಡತ್ತೆ ಅಂತಾನೂ ಗೊತ್ತಿರಲಿಲ್ಲ.

ಈಗ ಚಳಿ. ಸುಳ್ಳು ಹೇಳಲ್ಲ, ಕಷ್ಟ ಇದೆ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆ ಮುಂಚೇನೇ ಸೂರ್ಯ ಮುಳುಗ್ತಾನೆ. 2019ರ ಜನವರಿ ಕೊನೇಲಿ ಪೋಲಾರ್ ವೋರ್ಟೆಕ್ಸ್ ಅನ್ನೋ ಉತ್ತರ ಧ್ರುವದ ಕೊರೆಯೋ ಗಾಳಿ ಬಂದಾಗ ಮೈನಸ್ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿದು ಯೂನಿವರ್ಸಿಟಿನೇ ಕ್ಲಾಸ್ ಕ್ಯಾನ್ಸಲ್ ಮಾಡಿತ್ತು. ಬ್ಲಡ್ ಟೆಸ್ಟ್ ಮಾಡಿಸಿದ್ರೆ ನಮ್ಮ ಕಡೆಯ ಎಷ್ಟೋ ಜನಕ್ಕೆ ವಿಟಮಿನ್ ಡಿ ಕಮ್ಮಿ ಅಂತಾನೇ ಬರತ್ತೆ. ವಿಟಮಿನ್ ಡಿ ಕಥೇಲಿ ಈ ಕ್ಯಾಂಪಸ್ಸಿಗೆ ದೊಡ್ಡ ಪಾತ್ರ ಇದೆ. 1920ರ ದಶಕದಲ್ಲಿ ಇಲ್ಲಿನ ಹ್ಯಾರಿ ಸ್ಟೀನ್‌ಬಾಕ್ ಅನ್ನೋ ಪ್ರೊಫೆಸರ್ ಆಹಾರದ ಮೇಲೆ ಅಲ್ಟ್ರಾವಯಲೆಟ್ ಬೆಳಕು ಬಿಟ್ರೆ ಅದ್ರಲ್ಲಿ ವಿಟಮಿನ್ ಡಿ ಬರತ್ತೆ ಅಂತ ತೋರಿಸಿದ್ರು, ಆ ಪೇಟೆಂಟ್ ದುಡ್ಡು ಯೂನಿವರ್ಸಿಟಿ ರಿಸರ್ಚಿಗೇ ಹೋಗ್ಲಿ ಅಂತ 1925ರಲ್ಲಿ ಒಂದು ಫೌಂಡೇಶನ್ ಕಟ್ಟಿದ್ರು, ಅದು ಇವತ್ತಿಗೂ ಇಲ್ಲಿನ ಸಂಶೋಧನೆಗೆ ದುಡ್ಡು ಕೊಡ್ತಿದೆ. ಒಬ್ಬ ಮನುಷ್ಯ ಆ ದುಡ್ಡನ್ನ ಜೇಬಿಗೆ ಹಾಕ್ಕೊಳ್ಳದೇ ಇದ್ದಿದ್ರಿಂದ ನೂರು ವರ್ಷದ ನಂತರ ನಮ್ಮಂಥವ್ರ ಲ್ಯಾಬ್ ನಡೀತಿದೆ, ಈ ಊರಿನ ಮೇಲೆ ನನಗೆ ಪ್ರೀತಿ ಹುಟ್ಟೋಕೆ ಇಂಥದ್ದೇ ಕಾರಣ.

ಕೆರೆ ಹೆಪ್ಪುಗಟ್ಟಿದ್ಮೇಲೆ ಊರಿಗೆ ಇನ್ನೊಂದು ಮೈದಾನ ಸಿಕ್ಕಿದ ಹಾಗೆ. ಐಸ್ ದಪ್ಪ ಆಗ್ತಾ ಒಳಗಿಂದ ಗುಡುಗಿನ ಹಾಗೆ ಸದ್ದು ಬರತ್ತೆ, ಮೊದಲ ಸಲ ಕೇಳಿದಾಗ ಕಾಲು ನಡುಗಿಬಿಡ್ತು. ಮೀನು ಹಿಡಿಯೋರು ಡ್ರಿಲ್ ಥರದ್ದೊಂದು ತಂದು ಗುಂಡಗೆ ತೂತು ಕೊರೀತಾರೆ, ಬಕೆಟ್ ಬೋರಲು ಹಾಕ್ಕೊಂಡು ಕೂತ್ಕೋತಾರೆ, ಪಕ್ಕದಲ್ಲಿ ಫ್ಲಾಸ್ಕ್. ಒಬ್ಬ ವಯಸ್ಸಾದವರು ನನ್ನ ಕರೆದು ತೂತಿನ ಅಂಚು ತೋರಿಸಿ, ನೋಡು ಇಷ್ಟು ದಪ್ಪ ಇದೆ, ಹೆದರಬೇಡ, ಆದ್ರೆ ಅಲ್ಲಿ ನದಿ ಬಂದು ಸೇರೋ ಕಡೆ ಮಾತ್ರ ಹೋಗ್ಬೇಡ, ಹರಿಯೋ ನೀರಿನ ಮೇಲೆ ಐಸ್ ತೆಳ್ಳಗಿರತ್ತೆ ಅಂತ ಕೈ ಮಾಡಿ ಹೇಳಿದ್ರು. ಅವತ್ತು ರಾತ್ರಿ ಅಮ್ಮಂಗೆ ವಿಡಿಯೋ ಕಳ್ಸಿದ್ರೆ, "ಕೆರೆ ಮೇಲೆ ನಡ್ಕೊಂಡ್ ಹೋದ್ಯಾ? ನಿಂಗೇನ್ ತಲೆ ಕೆಟ್ಟಿದ್ಯೇನೆ" ಅಂತ ಬೈಗುಳ. ಮೆಂಡೋಟ ಯಾವತ್ತು ಹೆಪ್ಪುಗಟ್ಟಿತು ಯಾವತ್ತು ಕರಗಿತು ಅಂತ ಇಲ್ಲಿನ ಜನ 1850ರ ದಶಕದಿಂದ ಬರೆದಿಟ್ಟಿದ್ದಾರೆ, ಪಿಕ್ನಿಕ್ ಪಾಯಿಂಟ್‌ನಿಂದ ಮೇಪಲ್ ಬ್ಲಫ್‌ಗೆ ದೋಣಿ ಹೋಗೋಕಾಗಲ್ಲ ಅಂದ್ರೆ ಹೆಪ್ಪುಗಟ್ಟಿದೆ ಅಂತ ಹಳೇ ಲೆಕ್ಕ. ಆ ದಾಖಲೆ ನೋಡಿದ್ರೆ ಹೊಟ್ಟೆ ಉರಿಯತ್ತೆ, ಆಗಿನ ಕಾಲಕ್ಕೆ ಹೋಲಿಸಿದ್ರೆ ಐಸ್ ಇರೋ ಅವಧಿ ಸುಮಾರು ಒಂದು ತಿಂಗಳು ಕಮ್ಮಿ ಆಗಿದೆ.

ಬೇಸಿಗೇಲಿ ಕೆರೆಯ ಇನ್ನೊಂದು ಮುಖಾನೂ ಹೇಳ್ಬೇಕು. ಸುತ್ತಮುತ್ತ ಎಲ್ಲ ಹೈನುಗಾರಿಕೆ, ಸಗಣಿ ಗೊಬ್ಬರದ ರಂಜಕ ಮಳೇಲಿ ಹರಿದು ಬಂದು ಕೆರೆ ಸೇರತ್ತೆ, ಪಾಚಿ ಏಳತ್ತೆ, ಕೆಲವು ದಿನ ಬೀಚ್ ಮುಚ್ಚಿರ್ತಾರೆ. ಸಾಲದ್ದಕ್ಕೆ 2009ರಲ್ಲಿ ಸ್ಪೈನಿ ವಾಟರ್ ಫ್ಲೀ ಅನ್ನೋ ಹೊರಗಿನ ಹುಳ ಸಿಕ್ತು, ಪಾಚಿ ತಿಂದು ನೀರನ್ನ ತಿಳಿಯಾಗಿಡ್ತಿದ್ದ ಡಾಫ್ನಿಯಾ ಅನ್ನೋ ಪುಟ್ಟ ಜೀವಿನ ಅದು ತಿಂದು ಹಾಕ್ತು, ನೀರು ಮಬ್ಬಾಯ್ತು. ಜಗತ್ತಿನಲ್ಲೇ ಅತಿ ಹೆಚ್ಚು ಅಧ್ಯಯನ ಆಗಿರೋ ಕೆರೆಗಳಲ್ಲಿ ಇದೂ ಒಂದು, ಕಾರಣ ಎಲ್ಲಾ ಗೊತ್ತು, ಆದ್ರೂ ಸರಿ ಮಾಡೋಕೆ ಒದ್ದಾಡ್ತಿದ್ದಾರೆ. ಗೊತ್ತಿದ್ರೆ ಸಾಕು ಅಂತ ನಂಬಿಕೊಂಡು ರಿಸರ್ಚಿಗೆ ಬರೋರು ಇದನ್ನೊಂದ್ಸಲ ಯೋಚನೆ ಮಾಡ್ಬೇಕು.

ಮನೆ ವಿಷಯ ಬಂದ್ರೆ ಊರು ಅಷ್ಟು ಉದಾರಿ ಅಲ್ಲ. ಕ್ಯಾಂಪಸ್ ಸುತ್ತ ಬಹಳಷ್ಟು ಲೀಸ್ ಆಗಸ್ಟ್ 14ಕ್ಕೆ ಮುಗಿಯತ್ತೆ, ಹೊಸದು 15ಕ್ಕೆ ಶುರು. ಮಧ್ಯದ ರಾತ್ರಿ ಸಾಮಾನೆಲ್ಲ ಕಟ್ಕೊಂಡು ಸ್ನೇಹಿತರ ಮನೆ ನೆಲದ ಮೇಲೋ ಬಾಡಿಗೆ ಟ್ರಕ್ಕಿನಲ್ಲೋ ಕಳೆಯೋ ಸ್ಟೂಡೆಂಟ್‌ಗಳನ್ನ ನಾನೇ ನೋಡಿದ್ದೀನಿ. ಪೂರ್ತಿ ಬಾಡಿಗೆ ಕಟ್ಟೋ ಜನಕ್ಕೆ ಒಂದು ರಾತ್ರಿ ಸೂರಿಲ್ಲ ಅನ್ನೋದನ್ನ ಇದು ಇಲ್ಲಿನ ಪದ್ಧತಿ ಅಂತ ಒಪ್ಕೋಬಾರದು. ಆ ವಾರ ಫುಟ್‌ಪಾತ್ ತುಂಬಾ ಜನ ಬಿಟ್ಟು ಹೋದ ಮೇಜು, ಲ್ಯಾಂಪು, ಪುಸ್ತಕದ ಕಪಾಟು, ಇದಕ್ಕೆ ಹಿಪ್ಪಿ ಕ್ರಿಸ್ಮಸ್ ಅಂತಾರೆ. ಧಾರಾಳವಾಗಿ ತಗೊಳ್ಳಿ, ಆದ್ರೆ ಹಾಸಿಗೆ ಮಾತ್ರ ಬೇಡ, ತಿಗಣೆ.

ಆಗೋದಾದ್ರೆ ಈಗಲ್ ಹೈಟ್ಸ್‌ಗೆ ಅರ್ಜಿ ಹಾಕಿ, ಯೂನಿವರ್ಸಿಟಿಯದ್ದೇ ಕ್ವಾರ್ಟರ್ಸು, ಕೆರೆ ಹತ್ರಾನೇ, 80ನೇ ನಂಬರ್ ಬಸ್ಸಿಗೆ ದುಡ್ಡಿಲ್ಲ. ಅಲ್ಲಿ 1960ರ ದಶಕದಿಂದ ಸಮುದಾಯ ತೋಟ ಇದೆ, ಒಂದು ತುಂಡು ನೆಲ ಕೊಡ್ತಾರೆ. ನಾನು ಮೆಂತ್ಯ, ಹರಿವೆ, ದಂಟು ಹಾಕಿದ್ದೆ, ಎಲ್ಲಾ ಚೆನ್ನಾಗಿ ಬಂತು. ಅವರೆ ಬಳ್ಳಿ ಮಾತ್ರ ಎಲೆ ಬಿಟ್ಟು ಬಿಟ್ಟು ಬೇಲಿ ಎಲ್ಲ ಹಬ್ಬಿತು, ಹಗಲು ಸಣ್ಣ ಆಗೋವರೆಗೂ ಹೂವೇ ಬಿಡಲಿಲ್ಲ, ಹೂ ಬಿಟ್ಟ ಸ್ವಲ್ಪ ದಿನಕ್ಕೇ ಹಿಮ ಬಿದ್ದು ಒಂದೇ ರಾತ್ರೀಲಿ ಕಪ್ಪಾಗಿ ಜೋತುಬಿತ್ತು. ಪಕ್ಕದ ಪ್ಲಾಟಿನ ಕೊರಿಯಾದ ಅಜ್ಜಿಗೆ ಇಂಗ್ಲಿಷ್ ಬರ್ತಿರಲಿಲ್ಲ, ಅವರು ಅವರ ಸೊಪ್ಪು ಕೊಡೋರು, ನಾನು ಮೆಂತ್ಯ ಕೊಡ್ತಿದ್ದೆ, ಒಂದಿನ ನನ್ನ ಕೈ ಹಿಡಿದು ನೆಲಕ್ಕೆ ಒತ್ತಿ ಬೀಜ ಎಷ್ಟು ಆಳಕ್ಕೆ ಹಾಕ್ಬೇಕು ಅಂತ ತೋರಿಸಿದ್ರು. ಡಿಪಾರ್ಟ್‌ಮೆಂಟಲ್ಲಿ ಎಲ್ಲರ ಜೊತೆ ಇದ್ದೂ ಒಂಟಿ ಅನಿಸ್ತಿದ್ದ ವರ್ಷ ಅದು. ತೋಟ ನನ್ನ ಕಾಪಾಡ್ತು ಅಂದ್ರೆ ಜಾಸ್ತಿ ಹೇಳಿದ ಹಾಗಲ್ಲ.

ಇದೆಲ್ಲ ತಾನಾಗೇ ಉಳಿಯಲ್ಲ. ಪಾಠ ಹೇಳಿಕೊಡೋ ಗ್ರಾಡ್ ಸ್ಟೂಡೆಂಟ್‌ಗಳ ಟೀಚಿಂಗ್ ಅಸಿಸ್ಟೆಂಟ್ಸ್ ಅಸೋಸಿಯೇಷನ್ ಇಲ್ಲಿ ಶುರುವಾಗಿದ್ದು 1966ರಲ್ಲಿ, ಗ್ರಾಡ್ ಸ್ಟೂಡೆಂಟ್‌ಗಳ ಅತಿ ಹಳೇ ಕಾರ್ಮಿಕ ಯೂನಿಯನ್ ಅಂತಾರೆ, 1970ರಲ್ಲಿ ಸ್ಟ್ರೈಕ್ ಮಾಡಿ ಮೊದಲ ಕಾಂಟ್ರಾಕ್ಟ್ ತಗೊಂಡ್ರು. 2011ರಲ್ಲಿ ಆಕ್ಟ್ 10 ಅನ್ನೋ ಕಾನೂನು ತಂದು ಸರ್ಕಾರಿ ನೌಕರರು ಒಟ್ಟಾಗಿ ಚೌಕಾಸಿ ಮಾಡೋ ಹಕ್ಕನ್ನ ಹೆಚ್ಚುಕಮ್ಮಿ ಪೂರ್ತಿ ಕಿತ್ಕೊಂಡಾಗ ಅದನ್ನ ವಿರೋಧಿಸಿ ಕ್ಯಾಪಿಟಲ್ ಒಳಗೆ ಚಾಪೆ ಹಾಸಿ ಮಲಗಿದವರಲ್ಲಿ ಈ ಸ್ಟೂಡೆಂಟ್‌ಗಳೂ ಇದ್ರು. ನಮ್ಮ ಹುಡುಗ್ರು "ನಮಗ್ಯಾಕೆ ಅಕ್ಕ, ವೀಸಾ ಮೇಲಿದ್ದೀವಿ" ಅಂತ ದೂರ ಇರ್ತಾರೆ. ವೀಸಾ ಭಯ ನನಗೂ ಅರ್ಥ ಆಗತ್ತೆ, ಈಗಿನ ಕಾಲದಲ್ಲಂತೂ ಯಾರ ಭಯಾನೂ ಸಣ್ಣದಲ್ಲ, ಬೀದಿಗೆ ಇಳೀರಿ ಅಂತ ನಾನು ಹೇಳ್ತಿಲ್ಲ. ಮೀಟಿಂಗಿಗೆ ಹೋಗಿ ಕೂತ್ಕೊಳ್ಳಿ. ಆಫರ್ ಲೆಟರ್‌ನಲ್ಲಿ ಟ್ಯೂಷನ್ ಮಾಫ್ ಅಂತ ಬರೆದಿದ್ರೂ ಬೇರೆ ಫೀಸ್ ಎಷ್ಟು, ಬೇಸಿಗೇಲಿ ಸಂಬಳ ಬರತ್ತಾ ಇಲ್ವಾ, ಇನ್ಶೂರೆನ್ಸಲ್ಲಿ ಹಲ್ಲು ಕಣ್ಣು ಸೇರಿದ್ಯಾ ಅಂತ ನಿಮ್ಮ ಜೊತೆ ಕೂತು ಲೈನ್ ಲೈನ್ ಓದಿ ಹೇಳೋರು ಅಲ್ಲಿ ಸಿಗ್ತಾರೆ, ಡಿಪಾರ್ಟ್‌ಮೆಂಟ್ ಓರಿಯಂಟೇಶನ್‌ನಲ್ಲಿ ಸಿಗಲ್ಲ.