ಒಂದು ಕೊಳವೆ ಕಡಲಿಗೆ, ಇನ್ನೊಂದು ಕಡಲಿನಿಂದ

ರಾಜಸ್ಥಾನಕ್ಕೆ ಕಡಲಿಲ್ಲ. ಆದರೂ ಅಲ್ಲಿನ ತೈಲದ ಲೆಕ್ಕಾಚಾರವೆಲ್ಲ ನಿಂತಿರುವುದು ಕಡಲಿನ ದಾರಿಯ ಮೇಲೆ. ಅಲ್ಲಿನ ಬಾರ್ಮೇರ್ ಎಣ್ಣೆಯ ಹೆಸರಲ್ಲಿ ಪಚಪದ್ರಾದ ರಿಫೈನರಿಯನ್ನು ಸಮರ್ಥಿಸುವ ‘ನಮ್ಮ ಎಣ್ಣೆ, ನಮ್ಮ ರಿಫೈನರಿ’ ಅನ್ನುವ ಘೋಷಣೆ ಕೇಳಿದಾಗಲೆಲ್ಲ ನನಗೆ ಕಾಣುವ ತಕರಾರು ಇದೇ.

2004ರ ಜನವರಿಯಲ್ಲಿ ಬಾರ್ಮೇರ್‌ನ ಮಂಗಳಾ ನಿಕ್ಷೇಪ ಕೇರ್ನ್ ಕಂಪನಿಗೆ ಸಿಕ್ಕಿತು. ಉತ್ಪಾದನೆ ಶುರುವಾಗಿದ್ದು 2009ರ ಆಗಸ್ಟ್‌ನಲ್ಲಿ. ನಡುವಿನ ವರ್ಷಗಳಲ್ಲಿ ಎಂಜಿನಿಯರುಗಳ ತಲೆ ತಿಂದದ್ದು ಮೇಣ. ಈ ಕಚ್ಚಾತೈಲದಲ್ಲಿ ಮೇಣದಂಶ ಎಷ್ಟಿದೆಯೆಂದರೆ, ಸುಮಾರು 40 ಡಿಗ್ರಿಗಿಂತ ತಣ್ಣಗಾದರೆ ಹರಿಯುವುದೇ ಇಲ್ಲ. ಮಾಮೂಲಿ ಕೊಳವೆಗೆ ಬಿಟ್ಟರೆ ಒಳಗೋಡೆಗೆ ಮೇಣ ಕಟ್ಟುತ್ತಾ ದಾರಿ ಕಿರಿದಾಗುತ್ತದೆ. ಪಂಪು ನಿಂತು ಎಣ್ಣೆ ಹೆಪ್ಪುಗಟ್ಟಿತೋ, ಅದನ್ನು ಮತ್ತೆ ಕದಲಿಸಲು ಬೇಕಾದ ಒತ್ತಡವನ್ನು ಕೊಳವೆಯೇ ತಾಳದಿರಬಹುದು.

ಶುರುವಿನಲ್ಲಿ ಬಿಸಿ ಕಾಯ್ದುಕೊಳ್ಳುವ ಟ್ಯಾಂಕರ್‌ಗಳಲ್ಲಿ ಗುಜರಾತಿಗೆ ಸಾಗಿಸಿದರು. ಆಮೇಲೆ ಬಂದದ್ದು ಮಂಗಳಾದಿಂದ ಗುಜರಾತ್ ಕರಾವಳಿಯ ಭೋಗತ್‌ವರೆಗಿನ ಸುಮಾರು 670 ಕಿ.ಮೀ. ಕೊಳವೆ. 24 ಇಂಚಿನ ಉಕ್ಕಿನ ಕೊಳವೆಗೆ ಪಾಲಿಯುರೆಥೇನ್ ಫೋಮ್ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಕವಚ ಹಾಕಿ ಹೂತಿದ್ದಾರೆ. ಫೋಮ್ ಇದ್ದ ಬಿಸಿಯನ್ನು ಹಿಡಿದಿಡುತ್ತದೆಯೇ ಹೊರತು ಹೊಸದಾಗಿ ಹುಟ್ಟಿಸುವುದಿಲ್ಲ. ಅದಕ್ಕೇ ಕೊಳವೆಯ ಮೈಗಂಟಿಸಿದ ಸಣ್ಣ ಉಕ್ಕಿನ ನಳಿಕೆ, ಅದರೊಳಗೊಂದು ಕೇಬಲ್. ಎಸಿ ಕರೆಂಟ್ ಕೇಬಲ್‌ನಲ್ಲಿ ಹೋಗಿ ನಳಿಕೆಯ ಒಳಮೈಯ ತೆಳುಪದರದಲ್ಲಿ ವಾಪಸು ಬರುತ್ತದೆ, ನಳಿಕೆ ಕಾಯುತ್ತದೆ, ಆ ಶಾಖ ಕೊಳವೆಗೆ ಇಳಿಯುತ್ತದೆ. ಸುಮಾರು 20 ಕಿ.ಮೀ.ಗೊಂದರಂತೆ ತಾಪನ ಕೇಂದ್ರಗಳಿವೆ. ಅವುಗಳ ವಿದ್ಯುತ್ತಿಗೆ ಬೇಕಾದ ಗ್ಯಾಸ್ ಹೊತ್ತು 8 ಇಂಚಿನ ಇನ್ನೊಂದು ಕೊಳವೆ ಪಕ್ಕದಲ್ಲೇ ಸಾಗುತ್ತದೆ. ಎಣ್ಣೆಯನ್ನು 65 ಡಿಗ್ರಿಯ ಆಸುಪಾಸಿನಲ್ಲಿ ಇಡಲು ಇಷ್ಟೆಲ್ಲ!

ನೆಲದಡಿಯಲ್ಲೂ ಇದೇ ಪಾಡು. ಎಣ್ಣೆಯನ್ನು ಬಾವಿಯತ್ತ ತಳ್ಳಲು ಹಾಯಿಸುವ ನೀರು ತಣ್ಣಗಿದ್ದರೆ ಕಲ್ಲಿನ ರಂಧ್ರಗಳಲ್ಲೇ ಮೇಣ ಕೂರುತ್ತದೆ. ಹಾಗಾಗಿ ಹತ್ತಿರದ ಥುಂಬ್ಲಿಯ ನೆಲದಡಿಯ ಉಪ್ಪುನೀರನ್ನು ಕಾಯಿಸಿ ಬಿಡುತ್ತಾರೆ. ನೀರು ತೆಳು, ಎಣ್ಣೆ ಮಂದ. ನೀರು ಎಣ್ಣೆಯನ್ನು ದಾಟಿ ಮುಂದೆ ನುಗ್ಗಿಬಿಡುತ್ತದೆ. ಅದನ್ನು ತಡೆಯಲು ನೀರಿಗೆ ಪಾಲಿಮರ್ ಬೆರೆಸಿ ಮಂದ ಮಾಡುವುದು ನಂತರ ಬಂದ ಕ್ರಮ.

ಈಗ ರಿಫೈನರಿಗೆ ಬರೋಣ. ಪಚಪದ್ರಾದಲ್ಲಿ ಸರ್ಕಾರಿ ತೈಲ ಕಂಪನಿ ಎಚ್‌ಪಿಸಿಎಲ್ (ಹಿಂದುಸ್ತಾನ್ ಪೆಟ್ರೋಲಿಯಂ) ಪಾಲು ಶೇ 74, ರಾಜ್ಯದ ಪಾಲು ಶೇ 26. ಸಾಮರ್ಥ್ಯ ವರ್ಷಕ್ಕೆ 90 ಲಕ್ಷ ಟನ್. ಇದರಲ್ಲಿ ರಾಜಸ್ಥಾನದ ಎಣ್ಣೆ 15 ಲಕ್ಷ ಟನ್ ಮಾತ್ರ. ಮಿಕ್ಕ 75 ಲಕ್ಷ ಟನ್ ಆಮದು. ಅದು ಗುಜರಾತಿನ ಮುಂದ್ರಾ ಬಂದರಿನಿಂದ 487 ಕಿ.ಮೀ. ಕೊಳವೆಯಲ್ಲಿ ಮರುಭೂಮಿಗೆ ಬರಬೇಕು. ಅಂದರೆ ಒಂದು ಕೊಳವೆ ಎಣ್ಣೆಯನ್ನು ಕಡಲಿಗೆ ಒಯ್ಯಲು, ಇನ್ನೊಂದು ಕಡಲಿನಿಂದ ತರಲು.

ಆಮದು ಎಣ್ಣೆಯನ್ನು ಒಳನಾಡಿಗೆ ತರುವುದೇ ದಡ್ಡತನ ಅಂತ ನಾನು ಹೇಳುತ್ತಿಲ್ಲ. ಮಧ್ಯಪ್ರದೇಶದ ಬೀನಾ ರಿಫೈನರಿ ಗುಜರಾತ್ ಕರಾವಳಿಯ ವಾಡಿನಾರ್‌ನಿಂದ 935 ಕಿ.ಮೀ. ಕೊಳವೆಯಲ್ಲಿ ಬರುವ ಎಣ್ಣೆಯಲ್ಲೇ ನಡೆಯುತ್ತಿದೆ. ಕಚ್ಚಾತೈಲ ಒಂದೇ ಕೊಳವೆಯಲ್ಲಿ ಬಂದರೆ ಡೀಸೆಲ್, ಪೆಟ್ರೋಲ್ ಎಲ್ಲವೂ ಗಿರಾಕಿಯ ಹತ್ತಿರವೇ ತಯಾರಾಗುತ್ತವೆ. ಪಚಪದ್ರಾವನ್ನೂ ಹಾಗೇ, ಮಾರುಕಟ್ಟೆಗೆ ಹತ್ತಿರದ ಪೆಟ್ರೋಕೆಮಿಕಲ್ ಸ್ಥಾವರವೆಂದೇ ಅಳೆಯಬೇಕು. ಬಾರ್ಮೇರ್ ಎಣ್ಣೆಯ ಹೆಸರಲ್ಲಿ ಸಮರ್ಥಿಸಿದರೆ ಲೆಕ್ಕ ಕೂಡುವುದಿಲ್ಲ. ಬಾರ್ಮೇರ್ ಎಣ್ಣೆಯಲ್ಲಿ ಗಂಧಕ ಕಡಿಮೆ, ಅರಬ್ ಎಣ್ಣೆಯಲ್ಲಿ ಹೆಚ್ಚು. ಎರಡನ್ನೂ ಅರಗಿಸಿಕೊಳ್ಳುವ ಸ್ಥಾವರ ಅಗ್ಗದಲ್ಲಿ ಆಗದು.

ಪಚಪದ್ರಾ ರಿಫೈನರಿಗೆ 2013ರಲ್ಲಿ ಒಮ್ಮೆ ಶಿಲಾನ್ಯಾಸವಾಯಿತು. ಆಗಿನ ಒಪ್ಪಂದದಲ್ಲಿ ರಾಜ್ಯ ಈ ಯೋಜನೆಗೆ 15 ವರ್ಷ, ವರ್ಷಕ್ಕೆ ₹3,736 ಕೋಟಿ ಬಡ್ಡಿಯಿಲ್ಲದ ಸಾಲ ಕೊಡಬೇಕಿತ್ತು. ಸರ್ಕಾರ ಬದಲಾದ ಮೇಲೆ ಚೌಕಾಸಿ ಮಾಡಿ ಅದನ್ನು ₹1,123 ಕೋಟಿಗೆ ಇಳಿಸಿದರು. ಚೌಕಾಸಿ ಸರಿಯೇ. ಆದರೆ ಕೆಲಸ ಮತ್ತೆ ಶುರುವಾಗುವಾಗ 2018. ಆಮೇಲೆ ಅಂದಾಜು ವೆಚ್ಚವೂ ₹43,129 ಕೋಟಿಯಿಂದ ₹72,937 ಕೋಟಿಗೆ ಏರಿತು.

ತೆಗೆದ ಎಣ್ಣೆಯ ಬೆಲೆಯಲ್ಲಿ ಸರ್ಕಾರಕ್ಕೆ ಸಿಗುವ ಪಾಲಾದ ರಾಯಧನದ ಸ್ವಭಾವ ಬೇರೆ. ನೆಲದ ಮೇಲಿನ ಬಾವಿಯಾದ್ದರಿಂದ ಅದು ರಾಜ್ಯಕ್ಕೆ ಸಲ್ಲುತ್ತದೆ (ಕಡಲೊಳಗಿನದಾಗಿದ್ದರೆ ಕೇಂದ್ರಕ್ಕೆ). ಬೆಲೆ ಬಿದ್ದರೆ ಮೊತ್ತ ತಗ್ಗೀತು, ಕೈಯಿಂದ ಕಟ್ಟುವ ಪ್ರಸಂಗ ಬರುವುದಿಲ್ಲ. ಶೇ 26ರ ಪಾಲುದಾರಿಕೆ ಹಾಗಲ್ಲ. ವೆಚ್ಚ ಏರಿದರೆ ಬಂಡವಾಳಕ್ಕೆ ರಾಜ್ಯವೂ ಇನ್ನಷ್ಟು ಸುರಿಯಬೇಕು, ಸಂಸ್ಕರಣೆಯ ಲಾಭ ಕುಸಿದರೆ ನಷ್ಟದಲ್ಲೂ ಪಾಲು ಹೊರಬೇಕು.