ಇಂಡೆಕ್ಸ್ ಫಂಡ್ ಹೂಡಿಕೆಗೆ ರೋಬೋ ಸಲಹೆಗಾರ ಬೇಕೇ? ಪರ–ವಿರೋಧ

ರೋಬೋ ಸಲಹೆಗಾರ ಎಂದೊಡನೆ ಕಣ್ಣ ಮುಂದೆ ಬರುವ ಯಂತ್ರಮಾನವ ಇಲ್ಲಿಲ್ಲ. ವಯಸ್ಸು, ಆದಾಯ, ಗುರಿ, ನಷ್ಟ ತಾಳುವ ಶಕ್ತಿ ಇವುಗಳ ಬಗ್ಗೆ ಹತ್ತು ಹದಿನೈದು ಪ್ರಶ್ನೆ ಕೇಳಿ, ಉತ್ತರಗಳ ಆಧಾರದ ಮೇಲೆ ಹಣವನ್ನು ಷೇರು ಮತ್ತು ಸಾಲಪತ್ರ (ಡೆಟ್) ನಿಧಿಗಳ ನಡುವೆ ಹಂಚಲು ಹೇಳಿ, ಮುಂದೆ ಆ ಹಂಚಿಕೆ ಏರುಪೇರಾದಾಗ ಸರಿಪಡಿಸಲು ನೆನಪಿಸುವ ತಂತ್ರಾಂಶವಷ್ಟೇ ಅದು. ಅಮೆರಿಕದಲ್ಲಿ 2008ರ ಹಣಕಾಸು ಬಿಕ್ಕಟ್ಟಿನ ನಂತರದ ವರ್ಷಗಳಲ್ಲಿ ಬೆಟರ್‌ಮೆಂಟ್, ವೆಲ್ತ್‌ಫ್ರಂಟ್ ಮುಂತಾದ ಕಂಪನಿಗಳು ಇದನ್ನು ಜನಪ್ರಿಯಗೊಳಿಸಿದವು. ಅಲ್ಲಿ ವರ್ಷಕ್ಕೆ ಹೂಡಿಕೆಯ ಶೇ 0.25ರಷ್ಟು ಶುಲ್ಕ ರೂಢಿಗೆ ಬಂತು. ಭಾರತದಲ್ಲಿ ಇದಕ್ಕೆ ದಾರಿಯಾದದ್ದು 2013. ಆ ವರ್ಷದ ಜನವರಿಯಲ್ಲಿ ಮ್ಯೂಚುವಲ್ ಫಂಡ್‌ಗಳ ಮಧ್ಯವರ್ತಿಗೆ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್‌ಗಳು ಬಂದವು, ಅದೇ ವರ್ಷ ಹೂಡಿಕೆ ಸಲಹೆಗಾರರ ಕುರಿತು ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮಾವಳಿಯೂ ಜಾರಿಯಾಯಿತು.

ಐವತ್ತು ದೊಡ್ಡ ಕಂಪನಿಗಳ ಷೇರುಗಳ ಏರಿಳಿತ ತೋರುವ ನಿಫ್ಟಿ 50ರಂಥ ಸೂಚ್ಯಂಕವನ್ನು ಹಾಗೆಯೇ ಅನುಸರಿಸುವ ಇಂಡೆಕ್ಸ್ ಫಂಡ್‌ಗೆ ತಿಂಗಳಿಗೆ ₹10,000 ಹಾಕಲು ನಿಶ್ಚಯಿಸಿರುವ ಒಬ್ಬ ಸಂಬಳದಾರರನ್ನು ಊಹಿಸಿಕೊಳ್ಳೋಣ. ಅವರು ಇಂಥ ಸೇವೆಗೆ ವರ್ಷಕ್ಕೆ ಹೂಡಿಕೆಯ ಶೇ 0.5ರಷ್ಟು ಶುಲ್ಕ ತೆರಬೇಕೇ ಎಂಬುದು ಇಲ್ಲಿನ ಪ್ರಶ್ನೆ.

ಪರ

ಇಂಡೆಕ್ಸ್ ಫಂಡ್ ಕೊಳ್ಳುವುದು ಐದು ನಿಮಿಷದ ಕೆಲಸ. ಕೊಂಡದ್ದನ್ನು ಇಪ್ಪತ್ತು ವರ್ಷ ಕೆಡಿಸದೆ ಇಟ್ಟುಕೊಳ್ಳುವುದು ಬಹುಮಂದಿಯಿಂದ ಆಗದ ಕೆಲಸ. ರೋಬೋ ಸಲಹೆಗಾರನ ಶುಲ್ಕವನ್ನು ಈ ಎರಡನೆಯ ಕೆಲಸಕ್ಕೆ ಕೊಡುವ ಕೂಲಿಯೆಂದು ನೋಡಿದರೆ ಮಾತ್ರ ಅದರ ಬೆಲೆ ಅರ್ಥವಾಗುತ್ತದೆ.

2020ರ ಮಾರ್ಚ್ ತಿಂಗಳನ್ನು ನೆನೆಯಬೇಕು. ಜನವರಿ ಮಧ್ಯದಲ್ಲಿ 12,300ರ ಮೇಲಿದ್ದ ನಿಫ್ಟಿ ಮಾರ್ಚ್ 23ರಂದು 7,610ಕ್ಕೆ ಬಂದು ನಿಂತಿತು. ಆ ಒಂದೇ ದಿನದ ಕುಸಿತ ಸುಮಾರು ಶೇ 13. ₹10 ಲಕ್ಷವನ್ನು 60:40ರ ಪ್ರಮಾಣದಲ್ಲಿ ಷೇರು ಮತ್ತು ಸಾಲಪತ್ರ ನಿಧಿಗಳಲ್ಲಿ ಇಟ್ಟಿದ್ದವರ ₹6 ಲಕ್ಷದ ಷೇರು ಪಾಲು ಹೆಚ್ಚುಕಡಿಮೆ ₹3.7 ಲಕ್ಷಕ್ಕೆ ಕರಗಿ, ಒಟ್ಟು ಹಣದಲ್ಲಿ ಅದರ ಪ್ರಮಾಣ ಶೇ 48ಕ್ಕೆ ಇಳಿದಿತ್ತು. ಲೆಕ್ಕದಂತೆ ನಡೆಯುವುದಾದರೆ ಅಂದು ಸಾಲಪತ್ರ ನಿಧಿಯಿಂದ ಸುಮಾರು ₹90,000 ತೆಗೆದು ಷೇರು ನಿಧಿಗೆ ಹಾಕಬೇಕಿತ್ತು. ದೇಶ ಲಾಕ್‌ಡೌನ್‌ನ ಹೊಸ್ತಿಲಲ್ಲಿ ನಿಂತಿದ್ದಾಗ, ಮುಂದಿನ ತಿಂಗಳ ಸಂಬಳ ಬರುತ್ತದೋ ಇಲ್ಲವೋ ಎಂಬ ಅಂಜಿಕೆಯ ನಡುವೆ, ತಮ್ಮಷ್ಟಕ್ಕೆ ತಾವೇ ಆ ಲೆಕ್ಕ ಹಾಕಿ ಆ ಕೆಲಸ ಮಾಡಿದವರು ಎಷ್ಟು ಜನರಿರಬಹುದು? ನವೆಂಬರ್‌ನಲ್ಲಿ ನಿಫ್ಟಿ ತನ್ನ ಹಳೆಯ ಎತ್ತರವನ್ನು ದಾಟಿತು. ಭಯವಿಲ್ಲದ ತಂತ್ರಾಂಶವೊಂದು ಆ ಹೊತ್ತಿನಲ್ಲಿ ‘ಇಷ್ಟು ತೆಗೆದು ಅಲ್ಲಿಗೆ ಹಾಕಿ’ ಎಂದು ಹೇಳುವುದು ಸಣ್ಣ ಸಹಾಯವಲ್ಲ.

ಶುಲ್ಕ ದುಬಾರಿಯೆನ್ನುವವರು ಅದನ್ನು ಯಾವುದರೊಂದಿಗೆ ಹೋಲಿಸುತ್ತಿದ್ದಾರೆ ಎಂಬುದನ್ನೂ ಕೇಳಬೇಕು. ಹಣಕಾಸಿನ ಪತ್ರಿಕೆಗಳನ್ನು ಓದುವ, ಎಕ್ಸೆಲ್‌ನಲ್ಲಿ ತಮ್ಮ ಲೆಕ್ಕ ತಾವೇ ಇಡುವ ಜನರಿಗೆ ಶುಲ್ಕವಿಲ್ಲದ ದಾರಿ ಇದೆ, ನಿಜ. ಆದರೆ ನಮ್ಮ ನಡುವಿನ ಹೆಚ್ಚಿನವರ ಮುಂದಿರುವ ಆಯ್ಕೆ ಬೇರೆಯದೇ. ನಿಶ್ಚಿತ ಠೇವಣಿ ನವೀಕರಿಸಲು ಹೋದವರನ್ನು ಕೂರಿಸಿ, ಕಾಫಿ ತರಿಸಿ, ವಿಮೆ, ಹೂಡಿಕೆ ಎರಡೂ ಬೆರೆತ ಯುಲಿಪ್ ಪಾಲಿಸಿಗೆ ಸಹಿ ಹಾಕಿಸಿಕೊಳ್ಳುವ ಬ್ಯಾಂಕ್ ಸಿಬ್ಬಂದಿ, ಬೇಡವೆಂದರೆ ಮುನಿಸಿಕೊಳ್ಳುವ ಏಜೆಂಟ್ ನೆಂಟರು, ಟೆಲಿಗ್ರಾಂ ಗುಂಪಿನಲ್ಲಿ ನಾಳೆ ಏರುವ ಷೇರಿನ ಹೆಸರು ಹೇಳುವ ಅಪರಿಚಿತ. ಇವರಿಂದ ಆಗುವ ನಷ್ಟದ ಮುಂದೆ ಶೇ 0.5 ಬಲು ಅಗ್ಗ. ಸೆಬಿಯಲ್ಲಿ ನೋಂದಾಯಿಸಿದ ಸಲಹೆಗಾರ ತಾನು ಸಲಹೆ ಕೊಟ್ಟ ಗ್ರಾಹಕರಿಂದಲೇ ಶುಲ್ಕ ಪಡೆಯಬೇಕೇ ಹೊರತು, ಅದೇ ಕುಟುಂಬಕ್ಕೆ ಕಮಿಷನ್ ಇರುವ ಯೋಜನೆಯನ್ನೂ ಮಾರುವಂತಿಲ್ಲ. ಈ ಕಟ್ಟುಪಾಡು ತಂತ್ರಾಂಶದ ಮೂಲಕ ಸಲಹೆ ಕೊಡುವವರಿಗೂ ಅನ್ವಯಿಸುತ್ತದೆ. ಕೃತಕ ಬುದ್ಧಿಮತ್ತೆಯನ್ನು ಬಳಸಿದರೂ ಅದರಿಂದ ಹೊರಬಂದ ಸಲಹೆಗೆ ಸಲಹೆಗಾರನೇ ಹೊಣೆ ಎಂದು 2024ರ ಡಿಸೆಂಬರ್‌ನ ತಿದ್ದುಪಡಿ ಹೇಳುತ್ತದೆ.

ನೋಂದಾಯಿತ ಮಾನವ ಸಲಹೆಗಾರರ ಬಳಿಗೇ ಹೋಗಬಾರದೇಕೆ ಎನ್ನಬಹುದು. 2024ರ ಮಾರ್ಚ್ ವೇಳೆಗೆ ದೇಶದ ಡಿಮ್ಯಾಟ್ ಖಾತೆಗಳು 15 ಕೋಟಿ ದಾಟಿದ್ದವು, ನೋಂದಾಯಿತ ಹೂಡಿಕೆ ಸಲಹೆಗಾರರು ಸಾವಿರದ ಆಸುಪಾಸಿನಲ್ಲಿದ್ದರು. ಅವರಲ್ಲಿ ಬಹುಪಾಲು ಜನ ದೊಡ್ಡ ನಗರಗಳಲ್ಲಿದ್ದಾರೆ. ತಿಂಗಳಿಗೆ ₹10,000 ಉಳಿಸುವವರಿಗೆ ಅವರ ವಾರ್ಷಿಕ ಶುಲ್ಕ ಹೊರೆಯಾದೀತು. ಚಿತ್ರದುರ್ಗದ ಶಿಕ್ಷಕಿಗೂ ಬೆಂಗಳೂರಿನ ಎಂಜಿನಿಯರ್‌ಗೂ ಒಂದೇ ದರದಲ್ಲಿ ಒಂದೇ ಗುಣಮಟ್ಟದ ಹಂಚಿಕೆ ಹೇಳಬಲ್ಲದ್ದು ತಂತ್ರಾಂಶವೇ.

ಇಂಡೆಕ್ಸ್ ಫಂಡ್‌ಗಳಲ್ಲಿ ಆರಿಸುವಂಥದ್ದೇನೂ ಇಲ್ಲ ಎಂಬ ಮಾತೂ ಹಳೆಯದಾಯಿತು. ನಿಫ್ಟಿ ನೆಕ್ಸ್ಟ್ 50, ಮಿಡ್‌ಕ್ಯಾಪ್ 150, ಸ್ಮಾಲ್‌ಕ್ಯಾಪ್ 250, ಮೊಮೆಂಟಂ, ಲೋ ವೊಲಾಟಿಲಿಟಿ, ರಕ್ಷಣೆ, ಪ್ರವಾಸೋದ್ಯಮ ಹೀಗೆ ಸೂಚ್ಯಂಕಗಳ ಸಂತೆಯೇ ನೆರೆದಿದೆ. ಕಳೆದ ವರ್ಷ ಹೆಚ್ಚು ಏರಿದ ಸೂಚ್ಯಂಕವನ್ನು ಈ ವರ್ಷ ಕೊಳ್ಳುವ ಚಪಲಕ್ಕೆ ಸಿಕ್ಕವರಿಗೆ ‘ಇಂಡೆಕ್ಸ್’ ಎಂಬ ಹೆಸರು ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಬೇಡದ್ದನ್ನು ಬೇಡವೆಂದು ತಡೆಯುವ ಒಂದು ಜರಡಿ ಬೇಕೇ ಬೇಕು.

ವಿರೋಧ

ಪರವಾದದ ಬಲವೆಲ್ಲ ಮಾರ್ಚ್ 23ರ ಉದಾಹರಣೆಯಲ್ಲಿದೆ. ಅದರ ದೌರ್ಬಲ್ಯವೂ ಅಲ್ಲಿಯೇ ಇದೆ. ಅಮೆರಿಕದ ರೋಬೋ ಸಲಹೆಗಾರನಿಗೆ ಗ್ರಾಹಕರು ಖಾತೆಯ ಮೇಲೆ ಅಧಿಕಾರ ಕೊಟ್ಟಿರುತ್ತಾರೆ, ಆದುದರಿಂದ ಅದು ಕೇಳದೆಯೇ ಮಾರಿ, ಕೇಳದೆಯೇ ಕೊಳ್ಳುತ್ತದೆ. ಭಾರತದಲ್ಲಿ ಹೂಡಿಕೆ ಸಲಹೆಗಾರನಿಗೆ ಅಂಥ ಅಧಿಕಾರವಿಲ್ಲ. ಗ್ರಾಹಕರ ಪರವಾಗಿ ತಾನೇ ತೀರ್ಮಾನಿಸಿ ವಹಿವಾಟು ನಡೆಸಬೇಕೆಂದರೆ ಪೋರ್ಟ್‌ಫೋಲಿಯೊ ನಿರ್ವಹಣೆಯ ಪರವಾನಗಿ ಬೇಕು, ಅಲ್ಲಿ ಕನಿಷ್ಠ ಹೂಡಿಕೆ ₹50 ಲಕ್ಷ. ಅದಕ್ಕಿಂತ ಕಡಿಮೆ ಇರುವವರಿಗೆ ತಂತ್ರಾಂಶ ಮಾಡಬಹುದಾದದ್ದು ಮೊಬೈಲಿಗೆ ಒಂದು ಸಂದೇಶ ಕಳಿಸುವುದು; ಅದನ್ನು ಒಪ್ಪಿ, ಒಟಿಪಿ ಹಾಕಬೇಕಾದವರು ಅದೇ ಹೆದರಿದ ಮನುಷ್ಯರು. ಭಯವಿಲ್ಲದ ಯಂತ್ರ ಭಯವಿರುವ ಬೆರಳಿಗಾಗಿ ಕಾಯುತ್ತಿರುತ್ತದೆ. ಅದೇ ಆ್ಯಪ್‌ನಲ್ಲಿ, ಅದೇ ಪರದೆಯಲ್ಲಿ, ಹಣ ಹಿಂತೆಗೆಯುವ ಗುಂಡಿಯೂ ಇರುತ್ತದೆ. ಸುಮ್ಮನಿರಿಸುವುದಕ್ಕೆ ಕೊಡುವ ಕೂಲಿ ಎಂದು ಶುಲ್ಕವನ್ನು ಸಮರ್ಥಿಸುವುದಾದರೆ, ಆ ಕೆಲಸವನ್ನು ಮಾಡಲು ಕಾನೂನಿನ ಪ್ರಕಾರವೇ ಆಗದವನಿಗೆ ಕೂಲಿ ಕೊಡುತ್ತಿದ್ದೇವೆ. ನನ್ನ ಮಟ್ಟಿಗೆ ಈ ಒಂದು ಸಂಗತಿಯಿಂದಲೇ ತಕ್ಕಡಿ ವಾಲುತ್ತದೆ.

ಶುಲ್ಕದ ಲೆಕ್ಕವನ್ನು ಕೂಡಿಸಿ ನೋಡಬೇಕು. ತಿಂಗಳಿಗೆ ₹10,000ದಂತೆ 20 ವರ್ಷ ಹೂಡಿದರೆ ಕೈಯಿಂದ ಹೋಗುವುದು ₹24 ಲಕ್ಷ. ವರ್ಷಕ್ಕೆ ಶೇ 10ರ ಗಳಿಕೆಯನ್ನು ಊಹಿಸಿದರೆ ಅದು ಸುಮಾರು ₹76 ಲಕ್ಷವಾಗುತ್ತದೆ. ಅರ್ಧ ಶೇಕಡಾ ಶುಲ್ಕ ಕಳೆದು ಶೇ 9.5 ಎಂದಿಟ್ಟುಕೊಂಡರೆ ಸುಮಾರು ₹71 ಲಕ್ಷ. ₹4.7 ಲಕ್ಷದಷ್ಟು ವ್ಯತ್ಯಾಸ, ಅಂದರೆ ತೊಡಗಿಸಿದ ಮೂಲ ಹಣದ ಐದನೇ ಒಂದು ಭಾಗದ ಹತ್ತಿರ. ಶುಲ್ಕದ ಮೇಲಿನ ಜಿಎಸ್‌ಟಿಯನ್ನು ನಾನಿನ್ನೂ ಸೇರಿಸಿಲ್ಲ. ನಿಫ್ಟಿ 50 ಇಂಡೆಕ್ಸ್ ಫಂಡ್‌ನ ಡೈರೆಕ್ಟ್ ಪ್ಲಾನ್ ತನ್ನ ಇಡೀ ನಿರ್ವಹಣೆಗೆ ತೆಗೆದುಕೊಳ್ಳುವುದು ಶೇ 0.2ರ ಆಸುಪಾಸು. ಐವತ್ತು ಕಂಪನಿಗಳ ಷೇರುಗಳನ್ನು ಕೊಂಡು, ಕಾಯ್ದು, ದಿನದಿನದ ಲೆಕ್ಕ ಒಪ್ಪಿಸುವವರಿಗಿಂತ ‘ಇದನ್ನು ಕೊಳ್ಳಿ’ ಎಂದು ಹೇಳುವವರಿಗೆ ಎರಡು ಪಟ್ಟಿಗಿಂತ ಹೆಚ್ಚು ಕೊಡುವುದು ಯಾವ ನ್ಯಾಯ? ಹಣ ಬೆಳೆದಂತೆಲ್ಲ ಶುಲ್ಕವೂ ಬೆಳೆಯುತ್ತದೆ, ಕೆಲಸ ಮಾತ್ರ ಮೊದಲಿನಷ್ಟೇ ಇರುತ್ತದೆ. ₹50 ಲಕ್ಷವಾದ ಮೇಲೆ ವರ್ಷಕ್ಕೆ ₹25,000.

ಇನ್ನು ಹಂಚಿಕೆಯ ವಿಚಾರ. ಪ್ರಶ್ನಾವಳಿ 35 ವರ್ಷದ ಉದ್ಯೋಗಿಗೆ 60:40 ಎಂದು ಹೇಳಿತೆಂದುಕೊಳ್ಳೋಣ. ಆಕೆಯ ಇಪಿಎಫ್ ಖಾತೆಯಲ್ಲಿ ಅದಾಗಲೇ ಹತ್ತು ವರ್ಷದ ಕಾಣಿಕೆ ಶೇ 8.25ರ ಬಡ್ಡಿಯಲ್ಲಿ ಬೆಳೆಯುತ್ತಿದೆ, ಪಿಪಿಎಫ್‌ನಲ್ಲಿ ಒಂದಿಷ್ಟಿದೆ, ಅಮ್ಮ ಕೊಟ್ಟ ಬಂಗಾರ ಲಾಕರಿನಲ್ಲಿದೆ, ತುಮಕೂರಿನ ಹೊರಗೆ ಅಣ್ಣನೊಂದಿಗೆ ಜಂಟಿಯಾಗಿ ಕೊಂಡ ನಿವೇಶನವಿದೆ. ಇಪಿಎಫ್ ಎಂದರೆ ಸಾಲಪತ್ರವೇ, ಅದೂ ಸಾಮಾನ್ಯ ಸಾಲಪತ್ರ ನಿಧಿಗಿಂತ ಒಳ್ಳೆಯದು. ಇವೆಲ್ಲವನ್ನೂ ಕೂಡಿಸಿದರೆ ಆಕೆಯ ಒಟ್ಟು ಆಸ್ತಿಯಲ್ಲಿ ಷೇರಿನ ಪಾಲು ಶೇ 20 ಕೂಡ ಇರಲಾರದು. ಉಳಿತಾಯದ ₹10,000ದಲ್ಲಿ ₹4,000ವನ್ನು ಮತ್ತೆ ಸಾಲಪತ್ರಕ್ಕೆ ಹಾಕುವುದು ತುಂಬಿದ ಕೊಡಕ್ಕೆ ನೀರು ಹೊಯ್ದ ಹಾಗೆ. ತನ್ನ ಖಾತೆಯಲ್ಲಿ ಕಾಣುವ ಹಣವನ್ನಷ್ಟೇ ಸಮತೋಲನ ಮಾಡುವ ತಂತ್ರಾಂಶಕ್ಕೆ ಇದು ಕಾಣುವುದಿಲ್ಲ. ಕೆಲವು ಆ್ಯಪ್‌ಗಳು ಇತರ ಆಸ್ತಿಗಳನ್ನು ನಮೂದಿಸಲು ಜಾಗ ಕೊಡುತ್ತವೆ. ಆದರೆ ತಂಗಿಯ ಮದುವೆಗೆ ಎರಡು ವರ್ಷದಲ್ಲಿ ಹಣ ಬೇಕಾಗಬಹುದು ಎಂಬ, ಮನೆಯಲ್ಲಿ ಇನ್ನೂ ಬಾಯಿಬಿಟ್ಟು ಆಡಿರದ ಮಾತನ್ನು ಯಾವ ಖಾನೆಯಲ್ಲಿ ಬರೆಯುವುದು?

ತೆರಿಗೆಯೂ ಅಮೆರಿಕದ ಮಾದರಿಯನ್ನು ಇಲ್ಲಿ ಹೊಂದಗೊಡುವುದಿಲ್ಲ. 2024ರ ಜುಲೈ 23ರಿಂದ ಷೇರು ನಿಧಿಗಳನ್ನು ಒಂದು ವರ್ಷದೊಳಗೆ ಮಾರಿದರೆ ಗಳಿಕೆಯ ಮೇಲೆ ಶೇ 20, ವರ್ಷ ಮೀರಿದ್ದರೆ ₹1.25 ಲಕ್ಷದ ಮೇಲಿನ ಗಳಿಕೆಗೆ ಶೇ 12.5 ತೆರಿಗೆ. 2023ರ ಏಪ್ರಿಲ್ 1ರ ನಂತರ ಕೊಂಡ ಸಾಲಪತ್ರ ನಿಧಿಗಳ ಗಳಿಕೆ ಎಷ್ಟೇ ಹಳೆಯದಾದರೂ ಆದಾಯ ತೆರಿಗೆಯ ಹಂತಕ್ಕೆ ತಕ್ಕಂತೆ ತೆರಿಗೆಗೆ ಒಳಪಡುತ್ತದೆ. ಹೀಗಾಗಿ ಸಮತೋಲನ ತರಲು ಮಾರುವುದಕ್ಕಿಂತ, ಮುಂದಿನ ಕೆಲವು ತಿಂಗಳ ಕಂತುಗಳನ್ನು, ಅಂದರೆ ಎಸ್‌ಐಪಿಯನ್ನು ಕೊರತೆಯಿರುವ ಕಡೆಗೆ ತಿರುಗಿಸುವುದೇ ಲೇಸು. ಅದಕ್ಕೆ ಸಲಹೆಗಾರ ಬೇಕಿಲ್ಲ, ಕೂಡುವ ಕಳೆಯುವ ಲೆಕ್ಕ ಸಾಕು. ಮಾರಿ ಕೊಳ್ಳುವುದೇ ಅನಿವಾರ್ಯವಾದರೆ ನಿಧಿಯ ಒಳಗೇ ಅದು ನಡೆಯುವಂತೆ ಮಾಡಿಕೊಳ್ಳಬಹುದು. ಷೇರು, ಸಾಲಪತ್ರ ಎರಡನ್ನೂ ಹೊಂದಿರುವ ಹೈಬ್ರಿಡ್ ನಿಧಿಗಳು ಒಳಗೊಳಗೇ ಷೇರು ಮಾರಿ ಸಾಲಪತ್ರ ಕೊಂಡರೆ ಹೂಡಿಕೆದಾರರಿಗೆ ತೆರಿಗೆ ತಗಲುವುದಿಲ್ಲ.

ವಯಸ್ಸಿಗೆ ತಕ್ಕಂತೆ ತಾನೇ ಹಂಚಿಕೆ ಬದಲಿಸುವ ವ್ಯವಸ್ಥೆ ಬೇಕೆನ್ನುವವರಿಗೆ ಸರ್ಕಾರವೇ ಕಟ್ಟಿದ ಒಂದಿದೆ. ರಾಷ್ಟ್ರೀಯ ಪಿಂಚಣಿ ಯೋಜನೆಯ ‘ಆಟೊ ಚಾಯ್ಸ್’ನಲ್ಲಿ ಮಧ್ಯಮ ಆಯ್ಕೆ ಮಾಡಿಕೊಂಡರೆ 35 ವರ್ಷದವರೆಗೆ ಶೇ 50 ಷೇರಿನಲ್ಲಿದ್ದು, ಅಲ್ಲಿಂದ ವರ್ಷವರ್ಷ ಇಳಿದು 55ಕ್ಕೆ ಶೇ 10ಕ್ಕೆ ಬರುತ್ತದೆ. ಯಾರೂ ಒಟಿಪಿ ಹಾಕಬೇಕಿಲ್ಲ, ಬದಲಾವಣೆಗೆ ತೆರಿಗೆಯಿಲ್ಲ, ನಿರ್ವಹಣಾ ಶುಲ್ಕವೂ ಬಲು ಕಡಿಮೆ. ಅದರ ಷೇರು ಭಾಗ ಅಪ್ಪಟ ಇಂಡೆಕ್ಸ್ ಅಲ್ಲ, ಹಣ ಬೇಕೆಂದಾಗ ಕೈಗೆ ಬರುವುದಿಲ್ಲ ಎಂಬ ಕೊರತೆಗಳಿವೆ. ಕೈಗೆ ಬಾರದಿರುವುದು ಸುಮ್ಮನಿರಲಾಗದವರ ಪಾಲಿಗೆ ಕೊರತೆಯೋ ಗುಣವೋ ಹೇಳುವುದು ಕಷ್ಟ.

ಶುಲ್ಕವೇ ಇಲ್ಲ ಎನ್ನುವ ಸೇವೆಗಳ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ಅಮೆರಿಕದ ಚಾರ್ಲ್ಸ್ ಶ್ವಾಬ್ ಸಂಸ್ಥೆ 2015ರಲ್ಲಿ ಸಲಹಾ ಶುಲ್ಕವಿಲ್ಲದ ರೋಬೋ ಸೇವೆ ತಂದಿತು. ಗ್ರಾಹಕರ ಹಣದ ಒಂದು ಭಾಗವನ್ನು ಅದು ನಗದಾಗಿಯೇ ಇಡುತ್ತಿತ್ತು, ಆ ನಗದು ಶ್ವಾಬ್‌ನದೇ ಬ್ಯಾಂಕಿಗೆ ಹೋಗಿ ಅಲ್ಲಿ ಬಡ್ಡಿಯ ಲಾಭ ತರುತ್ತಿತ್ತು. ಇದನ್ನು ಗ್ರಾಹಕರಿಗೆ ಸರಿಯಾಗಿ ತಿಳಿಸಿರಲಿಲ್ಲ ಎಂಬ ಆರೋಪದ ಮೇಲೆ 2022ರ ಜೂನ್‌ನಲ್ಲಿ ಅಲ್ಲಿನ ಷೇರುಪೇಟೆ ನಿಯಂತ್ರಣ ಆಯೋಗದೊಂದಿಗೆ ರಾಜಿಯಾಗಿ, ಆರೋಪವನ್ನು ಒಪ್ಪಿಕೊಳ್ಳದೆ, ನಿರಾಕರಿಸದೆ, 18.7 ಕೋಟಿ ಡಾಲರ್ ತೆರಲು ಶ್ವಾಬ್ ಒಪ್ಪಿತು. ತಂತ್ರಾಂಶಕ್ಕೆ ದುರಾಸೆಯಿಲ್ಲ, ನಿಜ. ಹಂಚಿಕೆಯ ಸೂತ್ರ ಬರೆದವರಿಗೆ ಇರಬಹುದು. ನಮ್ಮಲ್ಲಿ ಸಲಹೆಗಾರನೆಂದು ತೋರುವ ಎಷ್ಟೋ ಆ್ಯಪ್‌ಗಳು ಕಾನೂನಿನ ಕಣ್ಣಿನಲ್ಲಿ ಸಲಹೆಗಾರರೇ ಅಲ್ಲ. ಪರದೆಯ ಅಡಿಯಲ್ಲಿ ಸಣ್ಣಕ್ಷರದ ನೋಂದಣಿ ಸಂಖ್ಯೆ ಐಎನ್‌ಎ ಎಂದು ಆರಂಭವಾಗಿದ್ದರೆ ಅದು ಸಲಹೆಗಾರನದು, ಎಆರ್‌ಎನ್ ಎಂದಿದ್ದರೆ ಕಮಿಷನ್ ಪಡೆಯುವ ವಿತರಕನದು. ಪರವಾದಿಗಳು ಹೊಗಳಿದ ಕಟ್ಟುಪಾಡು ಎರಡನೆಯವರಿಗೆ ಅನ್ವಯಿಸುವುದಿಲ್ಲ.

ಈ ಸೇವೆಗಳ ಆಯುಷ್ಯವೂ ಗಟ್ಟಿಯಲ್ಲ. ಅಮೆರಿಕದ ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್ ತನ್ನ ರೋಬೋ ಗ್ರಾಹಕರನ್ನು 2024ರಲ್ಲಿ ಬೆಟರ್‌ಮೆಂಟ್‌ಗೆ ವರ್ಗಾಯಿಸಿತು. ಅದೇ ವರ್ಷ ಇಲ್ಲಿ ಮ್ಯೂಚುವಲ್ ಫಂಡ್ ಆ್ಯಪ್ ಕುವೇರಾ, ಕ್ರೆಡ್ ಕಂಪನಿಯ ಪಾಲಾಯಿತು. ಫಂಡ್ ಯೂನಿಟ್‌ಗಳು ಹೂಡಿಕೆದಾರರ ಹೆಸರಿನಲ್ಲಿಯೇ ಇರುವುದರಿಂದ ಹಣಕ್ಕೆ ಅಪಾಯವಿಲ್ಲ, ಆದರೆ ಇಪ್ಪತ್ತು ವರ್ಷದ ಜತೆಗಾರ ಎಂಬ ಮಾತನ್ನು ಅಷ್ಟು ಸುಲಭವಾಗಿ ನಂಬಲಾಗದು.

ಸೂಚ್ಯಂಕಗಳ ಸಂತೆಯ ಮಾತಿಗೆ ಉತ್ತರ ಚಿಕ್ಕದು: ಸಂತೆಗೆ ಹೋಗದಿದ್ದರಾಯಿತು. ಒಂದು ನಿಫ್ಟಿ 50 ಫಂಡ್, ಬೇಕಾದರೆ ಜತೆಗೊಂದು ನೆಕ್ಸ್ಟ್ 50, ಸಾಲಪತ್ರದ ಪಾಲಿಗೆ ಇಪಿಎಫ್. ವರ್ಷಕ್ಕೊಮ್ಮೆ, ಫಾರ್ಮ್ 16 ಕೈಗೆ ಬರುವ ದಿನಗಳಲ್ಲಿ, ಇಪಿಎಫ್ ಪಾಸ್‌ಬುಕ್ ಮತ್ತು ಮ್ಯೂಚುವಲ್ ಫಂಡ್‌ಗಳ ಒಟ್ಟು ಹೇಳಿಕೆಯನ್ನು ಎದುರಿಗಿಟ್ಟುಕೊಂಡು ಕುಳಿತರೆ ಅರ್ಧ ದಿನದಲ್ಲಿ ಮುಗಿಯುವ ಕೆಲಸ. ಪಿತ್ರಾರ್ಜಿತ ಜಮೀನು ಮಾರಿದ ಹಣ ಒಮ್ಮೆಲೇ ಬಂದಾಗ, ನೌಕರಿ ಬಿಟ್ಟಾಗ, ಮನೆಯ ದುಡಿಯುವವರು ತೀರಿಕೊಂಡಾಗ ಸಲಹೆ ಬೇಕಾಗುತ್ತದೆ. ಆಗ ಹೋಗಬೇಕಾದದ್ದು ಒಂದು ಸಲಕ್ಕೆ ಇಷ್ಟು ಎಂದು ನಿಗದಿಯಾದ ಶುಲ್ಕ ಪಡೆದು, ಕಾಗದಪತ್ರವನ್ನೆಲ್ಲ ಮೇಜಿನ ಮೇಲೆ ಹರಡಿಸಿ, ‘ತಂಗಿಯ ಮದುವೆ ಯಾವಾಗ?’ ಎಂದು ಕೇಳುವ ನೋಂದಾಯಿತ ಸಲಹೆಗಾರರ ಬಳಿಗೆ.