ಹೆಸರು ಅಳಿಸಿಹೋದರೂ ಪಾಸ್!
ನಮ್ಮ ಲಿಂಟಿಂಗ್, ಅಂದರೆ ವೆಬ್‌ಸೈಟ್‌ನ ಗುರುತು ಸಾರುವ ಡಿಜಿಟಲ್ ಸರ್ಟಿಫಿಕೇಟ್‌ನಲ್ಲಿ ತಪ್ಪು ಹುಡುಕುವ ಸ್ವಯಂಚಾಲಿತ ತಪಾಸಣೆ, ಇವತ್ತು ಮತ್ತೆ ಒಂದು ಸರ್ಟಿಫಿಕೇಟ್ ತಡೆದುಬಿಟ್ಟಿತು. ಕಾರಣ? ಸಂಸ್ಥೆಯ ಹೆಸರಿನ ಕೊನೆಗೆ ಒಂದು ಸ್ಪೇಸ್. ಕಣ್ಣಿಗೂ ಕಾಣದ ಸ್ಪೇಸ್! ಮೊನ್ನೆ ಪ್ರಿಂಟಬಲ್‌ಸ್ಟ್ರಿಂಗ್‌ನಲ್ಲಿ (ಕೆಲವೇ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳನ್ನು ಒಪ್ಪುವ ಪಠ್ಯ ಮಾದರಿ) '&' ಇದೆ ಅಂತ ತಕರಾರು. ಅದಕ್ಕೂ ಮುಂಚೆ ಹೆಸರು 64 ಅಕ್ಷರ ದಾಟಿತು ಅಂತ. ಸಂಸ್ಥೆ ತನ್ನ ಹೆಸರನ್ನೇ ಕತ್ತರಿಸಿಕೊಳ್ಳಬೇಕಾ?

ಹೋಗಲಿ ಅಂದರೆ, ಎನ್‌ಕೋಡಿಂಗ್ (ಅಕ್ಷರಗಳನ್ನು ಕಂಪ್ಯೂಟರ್ ಸಂಕೇತವಾಗಿಸುವ ಕ್ರಮ) ಕೆಟ್ಟು ಇಡೀ ಹೆಸರು '??????' ಆಗಿದ್ದಾಗ ಇದೇ ತಪಾಸಣೆ ತುಟಿ ಪಿಟಕ್ ಅನ್ನಲಿಲ್ಲ! ಯಾಕೆ ಗೊತ್ತಾ? ಪ್ರಶ್ನಾರ್ಥಕ ಚಿಹ್ನೆ ಪ್ರಿಂಟಬಲ್‌ಸ್ಟ್ರಿಂಗ್‌ಗೆ ಒಪ್ಪಿತವಂತೆ. ಹಾಗಾದರೆ ಸಾಲಾಗಿ ಆರು ಇದ್ದರೂ ಅದು ಹೆಸರೇನಾ? ಇದನ್ನು ಹಿಡಿಯದಿದ್ದರೆ ತಪಾಸಣೆ ಯಾಕೆ ಬೇಕು? 2025ರ ಮಾರ್ಚ್ 15ರಿಂದ ವೆಬ್ ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವ ಮುಂಚೆ ಲಿಂಟಿಂಗ್ ಕಡ್ಡಾಯ ಬೇರೆ. ನಮ್ಮದಂತೂ ಯಾವ ಫೀಲ್ಡ್ ತಪ್ಪು ಅಂತಾನೂ ಹೇಳಲ್ಲ. ಸುಮ್ನೆ 'ಅಮಾನ್ಯ' ಅನ್ನುತ್ತೆ. ಏನಂತ ತಿದ್ದೋಣ?